ಅಡುಗೆ ಕಟ್ಟೆಯ ನೆರಳು

— ಚಿಕ್ಕಪ್ಪ, ಸೋಮವಾರ ಕಾರ್ಪೆಂಟರ್ ಬರ್ತಾರೆ. ಅಡುಗೆಮನೆಯ ಮೇಲಿನ ಕಪಾಟುಗಳ ಕೆಳಗೆ ಯಾವ ಲೈಟ್ ಅಂತ ಅಷ್ಟರೊಳಗೆ ತಿಳಿಸಬೇಕಂತೆ. ಸ್ಟ್ರಿಪ್ಪಾ, ಪ್ರೊಫೈಲಾ, ದುಂಡಗಿನ ಸಣ್ಣ ಲೈಟಾ ಅಂತ ಕೇಳಿದ್ದಾರೆ. ನೀವು ಇಷ್ಟು ಕಾಲ ಎಲೆಕ್ಟ್ರಿಕಲ್ ಅಂಗಡಿ ನಡೆಸಿದವರು. ಒಂದು ಹೆಸರು ಹೇಳಿ, ಅದನ್ನೇ ತರಿಸ್ತೀನಿ.

— ಹೆಸರು ಆಮೇಲೆ ಹೇಳ್ತೀನಿ. ನಿಮ್ಮ ಅಡುಗೆಮನೆಯ ಟ್ಯೂಬ್‌ಲೈಟ್ ಎಲ್ಲಿದೆ?

— ಬಾಗಿಲ ಮೇಲೆ. ಕಟ್ಟೆ ಇರೋದು ಅದರ ಎದುರು ಗೋಡೆಗೆ, ಆಮೇಲೆ ಕಿಟಕಿ ಕಡೆಗೆ ತಿರುಗುತ್ತೆ.

— ಅಂದರೆ ಕಟ್ಟೆಗೆ ಮುಖ ಮಾಡಿ ನಿಂತರೆ ಬೆಳಕು ಬೆನ್ನ ಹಿಂದೆ. ಇವತ್ತು ರಾತ್ರಿ ಹುರುಳಿಕಾಯಿ ಹೆಚ್ಚೋಕೆ ನಿಂತಾಗ ಒಂದು ಸಲ ನೋಡು. ನಿನ್ನ ತಲೆ, ಹೆಗಲಿನ ನೆರಳು ಬಂದು ಬೀಳೋದು ಚಾಕು ಇರೋ ಜಾಗದ ಮೇಲೇ. ಎಷ್ಟೇ ಜೋರಾದ ಟ್ಯೂಬ್ ತಂದು ಹಾಕಿದರೂ ಆ ನೆರಳು ಅಲ್ಲೇ ಇರುತ್ತೆ, ಇನ್ನಷ್ಟು ಕಪ್ಪಾಗುತ್ತೆ ಅಷ್ಟೆ. ಕಪಾಟಿನ ಕೆಳಗಿನ ಲೈಟು ಬೇಕಾಗಿರೋದು ಆ ನೆರಳನ್ನು ತೆಗೆಯೋಕೆ. ಅಂದಕ್ಕೆ ಅಂತ ಆರಿಸಿದರೆ ಒಂದು ಥರ ಆಗುತ್ತೆ, ಕೈಗೆ ಅಂತ ಆರಿಸಿದರೆ ಇನ್ನೊಂದು ಥರ.

— ಆದರೆ ಅಜ್ಜಿ ಕಾಲದಲ್ಲಿ ಇದೆಲ್ಲ ಇರಲಿಲ್ಲವಲ್ಲ. ತೀರ್ಥಹಳ್ಳಿ ಮನೆಯ ಅಡುಗೆಮನೆ ಕತ್ತಲೆಯೇ ಇತ್ತು.

— ಕತ್ತಲೆ ನಿಜ. ಆದರೂ ಅಮ್ಮ ಕೂತ ಜಾಗ ಕತ್ತಲೆ ಇರಲಿಲ್ಲ. ಈಳಿಗೆಮಣೆ ಇಟ್ಟುಕೊಳ್ತಿದ್ದದ್ದು ಗಾಜಿನ ಹೆಂಚಿನ ಕೆಳಗೆ. ಒರಳೂ ಅಲ್ಲೇ ಹತ್ತಿರ. ಸೂರ್ಯ ಸರಿದ ಹಾಗೆ ಆ ಬೆಳಕಿನ ಚೌಕ ಸರಿಯೋದು, ಮಣೆಯನ್ನೂ ಸರಿಸಿಕೊಂಡು ಕೂರ್ತಿದ್ದರು. ನೆಲದ ಮೇಲೆ ಕೂತು ಹೆಚ್ಚೋವಾಗ ಬೆಳಕಿಗೂ ಕೈಗೂ ನಡುವೆ ತಲೆ ಬರದ ಹಾಗೆ ತಿರುಗಿ ಕೂರಬಹುದು. ನಿಂತು ಮಾಡೋ ಅಡುಗೆಗೆ ಆ ಸೌಕರ್ಯ ಇಲ್ಲ. ಕಟ್ಟೆ ಗೋಡೆಗೆ ಅಂಟಿದೆ, ಒಲೆ ಅಲ್ಲಾಡಲ್ಲ, ನೀನು ನಿಲ್ಲೋದೂ ಒಂದೇ ಕಡೆ. ಅದರ ಮೇಲೆ ತಲೆ ಮಟ್ಟದಲ್ಲಿ ಕಪಾಟು ಬಂತು, ಅದೂ ತನ್ನ ನೆರಳು ಸೇರಿಸಿತು.

ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟ್ಟೆ-ಲಿಹೋಟ್ಸ್ಕಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಮನೆಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಇವತ್ತಿನ ಮಾಡ್ಯುಲರ್ ಕಿಚನ್‌ಗೆಲ್ಲ ಮೂಲ ಅದೇ. ಆಕೆ ಕೆಲಸದ ಹಲಗೆಯನ್ನು ಕಿಟಕಿಯ ಕೆಳಗೆ ಇಟ್ಟರು, ಚಾವಣಿಯ ದೀಪವನ್ನು ಕಂಬಿಯ ಮೇಲೆ ಬೇಕಾದ ಕಡೆ ಸರಿಸೋ ಹಾಗೆ ಮಾಡಿದರು. ಕೈ ಎಲ್ಲಿ ಕೆಲಸ ಮಾಡುತ್ತೋ ಬೆಳಕು ಅಲ್ಲಿಗೆ ಹೋಗಬೇಕು ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು. ನಮ್ಮಲ್ಲಿ ಕಪಾಟು, ಚಿಮ್ನಿ, ಹಾಬ್ ಎಲ್ಲ ಬಂದವು. ಆ ಸರಿಯುವ ದೀಪ ಬರಲಿಲ್ಲ.

— ಸರಿ, ಹಾಗಾದರೆ ನೆರಳು ತೆಗೆಯೋಕೆ ಲೈಟ್ ಎಲ್ಲಿಡಬೇಕು? ಕಾರ್ಪೆಂಟರ್ ಕಪಾಟಿನ ತಳದಲ್ಲಿ ಗೋಡೆ ಪಕ್ಕಕ್ಕೆ ಹಾಕ್ತೀನಿ, ವೈರ್ ಕಾಣಲ್ಲ ಅಂದರು.

— ಬೇಡ. ಇದೊಂದು ಮಾತಿಗೆ ಮಾತ್ರ ಪಟ್ಟು ಹಿಡಿ. ಕಟ್ಟೆಯ ಅಗಲ ಎಷ್ಟು?

— ಎರಡು ಅಡಿ. ಕಪಾಟು ಒಂದಡಿ ಆಳ, ಕಟ್ಟೆಯಿಂದ ಎರಡು ಅಡಿ ಎತ್ತರದಲ್ಲಿ.

— ಎಲ್ಲ ಕಡೆ ಹೆಚ್ಚುಕಮ್ಮಿ ಇದೇ ಅಳತೆ. ಲೈಟು ಗೋಡೆ ಪಕ್ಕ ಇದ್ದರೆ ಬೆಳಕೆಲ್ಲ ಟೈಲ್ಸ್ ಮೇಲೆ ಸುರಿಯುತ್ತೆ. ಟೈಲ್ಸ್ ಝಗಝಗ ಅನ್ನುತ್ತೆ, ಫೋಟೊದಲ್ಲಿ ಚೆನ್ನಾಗಿ ಬರುತ್ತೆ. ನೀನು ಹೆಚ್ಚೋದು ಕಟ್ಟೆಯ ಮುಂದಿನ ಅರ್ಧದಲ್ಲಿ, ಅಲ್ಲಿಗೆ ಓರೆಯಾಗಿ ಒಂದಿಷ್ಟು ಬರುತ್ತೆ ಅಷ್ಟೆ. ಕಪಾಟಿನ ಮುಂಭಾಗದ ಅಂಚಿಗೆ, ಬಾಗಿಲಿನ ಹಿಂದೆಯೇ ಕೂರಿಸಿದರೆ ಲೈಟು ಗೋಡೆಯಿಂದ ಒಂದಡಿ ಈಚೆಗೆ ಬರುತ್ತೆ, ಅಂದರೆ ಕಟ್ಟೆಯ ನಟ್ಟನಡುವೆ. ನಿನ್ನ ತಲೆಗಿಂತ ಮುಂದೆ, ಕೈಗಿಂತ ಮೇಲೆ. ನೆರಳು ಬೀಳೋದಾದರೆ ನಿನ್ನ ಹೊಟ್ಟೆ ಕಡೆಗೆ ಬೀಳುತ್ತೆ, ಚಾಕು ಕಡೆಗಲ್ಲ.

— ಮುಂದಿದ್ದರೆ ಕಣ್ಣಿಗೆ ಹೊಡೆಯಲ್ವಾ?

— ಹೊಡೆಯುತ್ತೆ, ಮರೆ ಇಲ್ಲದಿದ್ದರೆ. ಅದಕ್ಕೇ ಕಪಾಟಿನ ಕೆಳಗೆ ಒಂದೂವರೆ ಇಂಚಿನ ಪಟ್ಟಿ ಇಳಿಬಿಡೋಕೆ ಹೇಳು, ಅಥವಾ ಬಾಗಿಲನ್ನೇ ಅಷ್ಟು ಉದ್ದ ಮಾಡಿಸು. ನಿಂತವರಿಗೆ ಅಷ್ಟು ಸಾಕು. ಕೂತವರನ್ನು ಎಲ್ಲರೂ ಮರೆಯುತ್ತಾರೆ. ಕಪಾಟಿನ ತಳ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರ. ಊಟದ ಮೇಜಿನ ಹತ್ತಿರ ಕುರ್ಚಿಯಲ್ಲಿ ಕೂತವರ ಕಣ್ಣು ಇರೋದು 115, 120ರಲ್ಲಿ. ನಿಮ್ಮದು ಓಪನ್ ಕಿಚನ್ ಬೇರೆ. ನಿನ್ನ ಮಾವ ಊಟಕ್ಕೆ ಕೂತರೆ ಎಲ್‌ಇಡಿ ಸಾಲು ನೇರ ಕಣ್ಣಿಗೆ. ಪ್ರೊಫೈಲ್ ಅಂದರೆ ಸ್ಟ್ರಿಪ್ ಕೂರೋ ಲೋಹದ ದೋಣಿ. ಅದಕ್ಕೆ ಮಟ್ಟಸದ್ದರ ಬದಲು 45 ಡಿಗ್ರಿ ಮೂಲೆ ಪ್ರೊಫೈಲ್ ಅಂತ ಸಿಗುತ್ತೆ, ಅದನ್ನು ಮುಂದಿನ ಅಂಚಿಗೆ ಕೂರಿಸಿ ಮುಖವನ್ನು ಗೋಡೆ ಕಡೆಗೆ ವಾಲಿಸಬೇಕು. ಆಗ ಬೆಳಕು ಕಟ್ಟೆಗೂ ಬೀಳುತ್ತೆ, ಟೈಲ್ಸ್ ಮೇಲೂ ಬಿದ್ದು ಮೆತ್ತಗೆ ವಾಪಸ್ ಬರುತ್ತೆ. ಕೂತವರಿಗೆ ಅದರ ಬೆನ್ನು ಮಾತ್ರ ಕಾಣುತ್ತೆ.

— ಕಟ್ಟೆ ಕಪ್ಪು ಗ್ರಾನೈಟ್, ಚಿಕ್ಕಪ್ಪ. ಪಾಲಿಶ್ ಮಾಡಿದ್ದು.

— ಅದನ್ನು ಮೊದಲೇ ಹೇಳಬೇಕಿತ್ತು! ಅರ್ಧ ಲೆಕ್ಕ ಅಲ್ಲೇ ಬದಲಾಗುತ್ತೆ. ಕಪ್ಪು ಕಲ್ಲು ಬಿದ್ದ ಬೆಳಕನ್ನು ಹೆಚ್ಚುಕಮ್ಮಿ ಪೂರ್ತಿ ನುಂಗುತ್ತೆ. ಬಿಳಿ ಕ್ವಾರ್ಟ್ಸ್ ಕಟ್ಟೆಯಾಗಿದ್ದರೆ ಅದರಿಂದ ಎದ್ದ ಬೆಳಕು ಪಾತ್ರೆಯ ಬದಿ, ನಿನ್ನ ಮುಖ, ಕಪಾಟಿನ ತಳ ಎಲ್ಲವನ್ನೂ ಬೆಳಗುತ್ತಿತ್ತು. ನುಂಗೋದಲ್ಲದೆ, ಪಾಲಿಶ್ ಇರೋದರಿಂದ ಅದು ಕನ್ನಡಿ ಬೇರೆ. ಬರೀ ಸ್ಟ್ರಿಪ್ ಅಂಟಿಸಿದರೆ ಒಂದೊಂದು ಎಲ್‌ಇಡಿಯೂ ಕಲ್ಲಿನಲ್ಲಿ ಚುಕ್ಕಿಚುಕ್ಕಿಯಾಗಿ ಕಾಣುತ್ತೆ. ಅಕ್ಕಿಯಲ್ಲಿ ಕಲ್ಲು ನೆಲ್ಲು ಹುಡುಕೋ ಕಣ್ಣಿಗೆ ಆ ಚುಕ್ಕಿಗಳು ತುಂಬ ಕಾಟ. ಕಪ್ಪು ಗ್ರಾನೈಟ್ ಇದ್ದ ಮನೆಗೆ ಹಾಲುಬಣ್ಣದ ಮುಚ್ಚಳದ ಪ್ರೊಫೈಲ್ ಕಡ್ಡಾಯ. ಒಳಗೆ ಸಿಒಬಿ ಸ್ಟ್ರಿಪ್ ಹಾಕಿದರೆ ಇನ್ನೂ ಒಳ್ಳೇದು, ಅದರಲ್ಲಿ ಚುಕ್ಕಿಯೇ ಇರಲ್ಲ, ಒಂದೇ ಗೆರೆ. ಗೋಡೆ ಕಡೆ ವಾಲಿಸಿದ್ದರಿಂದ ಕಲ್ಲಿನಲ್ಲಿ ಕಾಣೋ ಪ್ರತಿಬಿಂಬವೂ ಮಂಕಾಗುತ್ತೆ.

— ದುಂಡಗಿನ ಲೈಟು?

— ಗಾಜಿನ ಶೋಕೇಸಿಗೆ ಹಾಕು. ಅಡುಗೆ ಕಟ್ಟೆಗೆ ಬೇಡ. ಇಲ್ಲೊಂದು ಬೆಳಕಿನ ವೃತ್ತ, ಅಲ್ಲೊಂದು ವೃತ್ತ, ನಡುವೆ ಮಬ್ಬು. ಎರಡು ಕಡೆಯಿಂದ ಬೆಳಕು ಬಂದು ಒಂದು ಬೆರಳಿಗೆ ಎರಡು ನೆರಳು ಬೀಳುತ್ತೆ, ಚಾಕು ಯಾವ ಅಂಚಿನಲ್ಲಿದೆ ಅಂತ ಕಣ್ಣಿಗೆ ಗೊಂದಲ.

— ಎಷ್ಟು ವ್ಯಾಟ್ ತಗೊಳ್ಳಲಿ?

— ವ್ಯಾಟ್ ಅಂದರೆ ಅದು ತಿನ್ನೋ ವಿದ್ಯುತ್ತು. ಕೊಡೋ ಬೆಳಕು ಲೂಮೆನ್‌ನಲ್ಲಿ ಇರುತ್ತೆ, ಅದನ್ನು ಕೇಳು, ಅದೂ ಒಂದು ಮೀಟರಿಗೆ ಎಷ್ಟು ಅಂತ ಕೇಳು. ಒಳ್ಳೆ ಸ್ಟ್ರಿಪ್ ಆದರೆ ಒಂದು ವ್ಯಾಟಿಗೆ ಸುಮಾರು 100 ಲೂಮೆನ್. ಮೀಟರಿಗೆ 10 ವ್ಯಾಟಿನದಕ್ಕೆ 1000. ಹಾಲುಬಣ್ಣದ ಮುಚ್ಚಳ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನೇ ತಡೀತು ಅಂದುಕೊ, 700 ಉಳೀತು. ಎರಡು ಅಡಿ ಕೆಳಗಿನ ಕಟ್ಟೆಗೆ ಅದು 400ರಿಂದ 500 ಲಕ್ಸ್ ಆಗುತ್ತೆ. ಒಂದು ಚದರ ಮೀಟರ್ ಮೇಲೆ ಒಂದು ಲೂಮೆನ್ ಬಿದ್ದರೆ ಒಂದು ಲಕ್ಸ್. ಹೆಚ್ಚೋ, ಆರಿಸೋ ಕೆಲಸಕ್ಕೆ 300ರಿಂದ 500 ಇರಬೇಕು ಅಂತಾರೆ. ಹಾಗಾಗಿ 10 ವ್ಯಾಟ್ ಸರಿಯಾಗುತ್ತೆ. ಶೋಗೆ ಅಂತ ಮಾರೋ ಮೀಟರಿಗೆ 4, 5 ವ್ಯಾಟಿನ ಸ್ಟ್ರಿಪ್ ಮುಚ್ಚಳದೊಳಗೆ ಸೇರಿದರೆ ಬೆಳಕು ಅನ್ನೋ ಹೆಸರಿಗೆ ಮಾತ್ರ.

— ನನಗೆ 300 ಸಾಕಾಗುತ್ತೇನೋ. ಅಷ್ಟು ಜೋರು ಬೆಳಕು ನನಗೆ ಇಷ್ಟ ಇಲ್ಲ.

— ನಿನಗೆ ಸಾಕು. ಅಡುಗೆಮನೆಯಲ್ಲಿ ಹೆಚ್ಚು ಹೊತ್ತು ಇರೋದು ಯಾರು?

— ಅತ್ತೆ.

— ಅವರಿಗೆ 65 ದಾಟಿರಬೇಕು. ವಯಸ್ಸಾದ ಹಾಗೆ ಕಣ್ಣಿನ ಪಾಪೆ ಸಣ್ಣದಾಗುತ್ತೆ, ಒಳಗಿನ ಮಸೂರ ಹಳದಿಗಟ್ಟಿ ಮಬ್ಬಾಗುತ್ತೆ. 20 ವರ್ಷದವರ ಕಣ್ಣಿನ ಒಳಪರದೆಗೆ ಹೋಗೋ ಬೆಳಕಿನಲ್ಲಿ 60 ವರ್ಷದವರಿಗೆ ತಲುಪೋದು ಸುಮಾರು ಮೂರನೇ ಒಂದು ಭಾಗ. ಅದೇ ಕೋಣೆ, ಅದೇ ಲೈಟು, ಆದರೆ ನೀನು ನೋಡೋ ಅಡುಗೆಮನೆ ಬೇರೆ, ಅವರು ನೋಡೋದು ಬೇರೆ. ಮೆಂತ್ಯ ಸೊಪ್ಪಿನಲ್ಲಿ ಹುಳ ಉಳೀತು, ಅತ್ತೆಗೆ ಗಮನ ಕಮ್ಮಿ ಆಗಿದೆ ಅಂತ ಮನೆಗಳಲ್ಲಿ ಆಡಿಕೊಳ್ತಾರೆ. ಎಷ್ಟೋ ಸಲ ಕಮ್ಮಿ ಆಗಿರೋದು ಬೆಳಕು. ಇದನ್ನು ನೆನೆಸಿಕೊಂಡರೆ ನನಗೆ ಬೇಜಾರಾಗುತ್ತೆ. ಅಂಗಡಿಗೆ ಬರ್ತಿದ್ದವರಲ್ಲಿ ಮನೆ ಕಟ್ಟಿಸೋ ಗಂಡಸರೇ ಹೆಚ್ಚು. ಹಾಲಿನ ಜುಮ್ಕಿ ದೀಪಕ್ಕೆ ಅರ್ಧ ದಿನ ನಿಂತು ಆರಿಸೋರು, ಅಡುಗೆಮನೆಗೆ ಒಂದು ಟ್ಯೂಬ್ ಅಂತ ಬರೆಸಿ ಹೊರಟುಬಿಡೋರು.

— ಹಾಗಿದ್ದರೆ ಇನ್ನೂ ಜೋರಾದ್ದು ಹಾಕಿಸೋಣ, 15, 20 ವ್ಯಾಟ್?

— ತಡಿ. ವಯಸ್ಸಾದ ಕಣ್ಣಿಗೆ ಬೆಳಕು ಹೆಚ್ಚು ಬೇಕು, ಆದರೆ ಚುಚ್ಚೋ ಬೆಳಕನ್ನು ಅದು ನಮಗಿಂತ ಕಮ್ಮಿ ತಡೆದುಕೊಳ್ಳುತ್ತೆ. ಮಸೂರ ಮಬ್ಬಾದ್ದರಿಂದ ಬೆಳಕು ಕಣ್ಣೊಳಗೇ ಚೆದುರುತ್ತೆ. ಅದಕ್ಕೇ ನಾನು ಪಟ್ಟಿ, ಮುಚ್ಚಳ, ವಾಲಿಸೋದು ಅಂತ ಇಷ್ಟು ಹೇಳಿದ್ದು. ಮೀಟರಿಗೆ 12 ವ್ಯಾಟ್‌ವರೆಗೂ ಹೋಗು, ಡಿಮ್ಮರ್ ಇರೋದು ತಗೊ. ಅವರು ಸಂಜೆ ಪೂರ್ತಿ ಹಾಕಿಕೊಳ್ಳಲಿ, ನೀನು ರಾತ್ರಿ ಹಾಲು ಬಿಸಿ ಮಾಡೋವಾಗ ಕಮ್ಮಿ ಮಾಡಿಕೊ. ಡಿಮ್ ಮಾಡಿದಾಗ ಮೊಬೈಲಿನ ಸ್ಲೋ ಮೋಷನ್ ವಿಡಿಯೊದಲ್ಲಿ ಒಂದು ಸಲ ನೋಡು. ಪಟ್ಟೆ ಪಟ್ಟೆ ಮಿಣುಕಿದರೆ ಅದು ಕಳಪೆ, ಹಿಂದಕ್ಕೆ ಕೊಡು.

— ಬಣ್ಣ? ನನಗೆ ಹಳದಿ ಬೆಳಕು, ಆ ವಾರ್ಮ್ ವೈಟ್ ಅಂತಾರಲ್ಲ, ಅದು ಇಷ್ಟ. ಪುಸ್ತಕಗಳಲ್ಲೆಲ್ಲ ಅದೇ ಇರುತ್ತೆ.

— ಇಷ್ಟಪಡು, ತಪ್ಪಿಲ್ಲ. ಆದರೆ ಬಾಗಿಲ ಮೇಲಿನ ಟ್ಯೂಬು 6500 ಕೆಲ್ವಿನ್ನಿನ ನೀಲಿ ಬಿಳುಪು, ಕಪಾಟಿನ ಕೆಳಗೆ 3000ದ ಹಳದಿ ಅಂತ ಆದರೆ ಎರಡೂ ಸೇರಿ ಕೋಣೆ ಕೊಳೆಕೊಳೆಯಾಗಿ ಕಾಣುತ್ತೆ. ಟ್ಯೂಬನ್ನೂ ಬದಲಿಸೋ ಹಾಗಿದ್ದರೆ ಮಾತ್ರ ಹಳದಿ. ನನ್ನ ಮಾತು ಕೇಳೋದಾದರೆ 4000. ಸೊಪ್ಪಿನ ಹಸಿರೂ ಕೆಡಲ್ಲ, ಬೇಳೆಯ ಬಣ್ಣವೂ ಕೆಡಲ್ಲ. ಟ್ಯೂಬ್ ಜೊತೆಗೂ ಅಷ್ಟು ಜಗಳ ಆಗಲ್ಲ.

ಅದಕ್ಕಿಂತ ದೊಡ್ಡ ವಿಷಯ ಸಿಆರ್‌ಐ. ಬಿಳಿ ಎಲ್‌ಇಡಿ ಅಂತ ಕರೀತೀವಿ, ಒಳಗಿರೋದು ನೀಲಿ ಎಲ್‌ಇಡಿ. ಅಕಸಾಕಿ, ಅಮಾನೊ, ನಕಮುರ ಅಂತ ಜಪಾನಿನಲ್ಲಿ ಹುಟ್ಟಿದ ಮೂವರು ಆ ನೀಲಿಯನ್ನು ಸಾಧಿಸಿದ್ದಕ್ಕೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಆ ನೀಲಿಯ ಮೇಲೆ ಹಳದಿ ಫಾಸ್ಫರ್ ಲೇಪ ಬಳಿದಾಗ ಎರಡೂ ಬೆರೆತು ಬಿಳಿ ಅಂತ ಕಾಣುತ್ತೆ. ಹಾಗೆ ಬೆರೆಸಿದ ಬಿಳಿಯಲ್ಲಿ ಕೆಂಪು ಕೊರತೆ. ಸಿಆರ್‌ಐ ಅನ್ನೋದು ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋದಕ್ಕೆ 100ರಲ್ಲಿ ಕೊಡೋ ಅಂಕ, ಆದರೆ ಅದು ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲ. ಅದಕ್ಕೆ ಆರ್9 ಅಂತ ಬೇರೆ ಲೆಕ್ಕ. 80 ಅಂಕದ ಸ್ಟ್ರಿಪ್ ಕೆಂಪಿನಲ್ಲಿ ಪೂರ್ತಿ ಸೋತಿರಬಹುದು.

— ಅಡುಗೆಗೆ ಕೆಂಪು ಅಷ್ಟು ಮುಖ್ಯವಾ?

— ಅಡುಗೆಯೆಲ್ಲ ಕೆಂಪಿನಲ್ಲೇ ಇದೆ. ಈರುಳ್ಳಿ ಕೆಂಪಗಾಯ್ತಾ, ಕಪ್ಪಗಾಗೋಕೆ ಹೊರಟಿತಾ. ತೊಗರಿಬೇಳೆ ಹುರಿದದ್ದು ಹದಕ್ಕೆ ಬಂತಾ. ರವೆ ಕೆಂಪೇರಿತಾ. ಟೊಮೆಟೊ ಹಣ್ಣಾಗಿದೆಯಾ, ಮೀನು ತಾಜಾ ಇದೆಯಾ. ಕೆಂಪು ಕಾಣದ ಬೆಳಕಿನಲ್ಲಿ ಎಲ್ಲ ಒಂದೇ ಕಂದು. ಅಂಗಡಿಗೆ ಹೋಗೋವಾಗ ಕೈಚೀಲದಲ್ಲಿ ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಂದೆಳೆ ಕೊತ್ತಂಬರಿ ಸೊಪ್ಪು ತಗೊಂಡು ಹೋಗು. ಮೊದಲು ಬೀದಿಯ ಬಿಸಿಲಿನಲ್ಲಿ ನೋಡು, ಆಮೇಲೆ ಒಳಗೆ ಸ್ಟ್ರಿಪ್ ಹಚ್ಚಿಸಿ ಅದರ ಕೆಳಗೆ ಹಿಡಿ. ಬ್ಯಾಡಗಿಯ ಕೆಂಪು ಇಟ್ಟಿಗೆ ಬಣ್ಣಕ್ಕೆ ಇಳಿದರೆ ಆ ಸ್ಟ್ರಿಪ್ ಬೇಡ. ನಿನ್ನ ಅಂಗೈಯನ್ನೂ ಹಿಡಿದು ನೋಡು, ರಕ್ತ ಇಲ್ಲದವರ ಕೈ ಥರ ಕಂಡರೆ ಬೇಡ. ಸಿಆರ್‌ಐ 90ಕ್ಕಿಂತ ಮೇಲೆ, ಆರ್9 ಐವತ್ತಕ್ಕಿಂತ ಮೇಲೆ ಅಂತ ಕೇಳು. ಬೆಲೆ ಹೆಚ್ಚಾಗುತ್ತೆ, ಕೊಡು. ಬಣ್ಣ ಬದಲಿಸೋ ಆರ್‌ಜಿಬಿ ಸ್ಟ್ರಿಪ್ ಬಗ್ಗೆ ಮಾತೇ ಬೇಡ.

— 12 ವೋಲ್ಟ್, 24 ವೋಲ್ಟ್ ಅಂತ ಎರಡು ಇದೆಯಂತೆ.

— 24 ತಗೊ. ನಿಮ್ಮದು ಎಲ್ ಆಕಾರ, ಎರಡೂ ಬದಿ ಸೇರಿ ಮೂರೂವರೆ ಮೀಟರ್ ಆಗುತ್ತೆ. 12 ವೋಲ್ಟಿನಲ್ಲಿ ಅದೇ ಬೆಳಕಿಗೆ ಎರಡರಷ್ಟು ಕರೆಂಟು ಹರೀಬೇಕು, ಸ್ಟ್ರಿಪ್ಪಿನ ತೆಳು ತಾಮ್ರದಲ್ಲಿ ವೋಲ್ಟೇಜ್ ಇಳೀತಾ ಹೋಗುತ್ತೆ. ನಮ್ಮ ಭದ್ರಾ ಕಾಲುವೆಯ ಕೊನೆ ಗದ್ದೆಗೆ ನೀರು ಹೇಗೋ ಹಾಗೆ, ಕೊನೆ ಎಲ್‌ಇಡಿಗಳು ಮಂಕು. ಲೆಕ್ಕ ಹಾಕು: ಮೂರೂವರೆ ಮೀಟರಿಗೆ 12 ವ್ಯಾಟಿನಂತೆ 42. ಮನೆಯ ಕರೆಂಟನ್ನು 24 ವೋಲ್ಟಿಗೆ ಇಳಿಸೋ ಡ್ರೈವರ್ 60 ವ್ಯಾಟಿನದು ಇರಲಿ, ಅದರ ಮಿತಿಯ ಅಂಚಿನಲ್ಲಿ ದುಡಿಸಬಾರದು. ಡ್ರೈವರ್ ಮೇಲೆ ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇದೆಯಾ ನೋಡು. ಅದಿಲ್ಲದ್ದು ಎಷ್ಟು ಅಗ್ಗಕ್ಕೆ ಕೊಟ್ಟರೂ ಮನೆಯೊಳಗೆ ತರಬೇಡ.

— ಡ್ರೈವರನ್ನು ಚಿಮ್ನಿ ಹಿಂದೆ ಬಚ್ಚಿಡಬಹುದು ಅಂದರು.

— ಅಲ್ಲಿ ಬಿಸಿ, ಜಿಡ್ಡು ಎರಡೂ ಇದೆ. ಡ್ರೈವರ್ ಸಾಯೋದು ಬಿಸಿಗೇ. ಎಲ್‌ಇಡಿ ಸಾವಿರಾರು ಗಂಟೆ ಉರಿಯುತ್ತೆ ಅಂತ ಡಬ್ಬದ ಮೇಲೆ ಬರೆದಿರೋದು ಅದು ತಣ್ಣಗಿದ್ದರೆ. ಒಲೆಯಿಂದ ದೂರದ ಕಪಾಟಿನ ಮೇಲೆ, ಗಾಳಿಯಾಡೋ ಕಡೆ, ಕುರ್ಚಿ ಹತ್ತಿ ಕೈ ಚಾಚಿದರೆ ಸಿಗೋ ಹಾಗಿರಲಿ. ಪ್ಲೈವುಡ್ ಹಿಂದೆ ಮೊಳೆ ಹೊಡೆದು ಮುಚ್ಚಿದರೆ ಮುಂದೆ ಒಂದು ಸಣ್ಣ ಡ್ರೈವರ್ ಬದಲಿಸೋಕೆ ಕಪಾಟು ಒಡೆಯಬೇಕಾಗುತ್ತೆ. ಪ್ರೊಫೈಲ್ ಅಲ್ಯೂಮಿನಿಯಂದೇ ಆಗಿರಲಿ, ಅದು ಬಿಸಿಯನ್ನು ಎಳೆದು ಬಿಡುತ್ತೆ. ಮರಕ್ಕೆ ನೇರ ಅಂಟಿಸಿದ ಸ್ಟ್ರಿಪ್ಪಿನ ಟೇಪು ಬಿಸಿಗೆ ಬಿಟ್ಟುಕೊಂಡು ಜೋತುಬೀಳುತ್ತೆ. ದಿನಾ ಒಗ್ಗರಣೆ ಹಾಕೋ ಮನೆಯಲ್ಲಿ ಎಣ್ಣೆಯ ಆವಿ ಎಲ್‌ಇಡಿಗಳ ಮೇಲೆ ಕೂತು ಧೂಳನ್ನು ಹಿಡಿಯುತ್ತೆ, ಅದನ್ನು ಒರೆಸೋಕೆ ಆಗಲ್ಲ. ಪ್ರೊಫೈಲಿನ ಮುಚ್ಚಳವನ್ನಾದರೆ ವಾರಕ್ಕೊಮ್ಮೆ ಸಾಬೂನು ಬಟ್ಟೆಯಲ್ಲಿ ಒರೆಸಬಹುದು. ಸಿಂಕಿನ ಮೇಲಿನ ತುಂಡಿಗೆ ಮಾತ್ರ ನೀರು ತಾಗದ ಐಪಿ65 ಸ್ಟ್ರಿಪ್. ಒಲೆಯ ಮೇಲೆ ಏನೂ ಬೇಡ, ಚಿಮ್ನಿಯ ಲೈಟು ಇದೆಯಲ್ಲ.

— ಊರಲ್ಲಿ ಅಮ್ಮನ ಅಡುಗೆಮನೆಗೂ ಇದನ್ನೇ ಹಾಕಿಸೋಣ ಅಂತಿದ್ದೆ.

— ಅತ್ತಿಗೆಗೆ ಇದು ಬೇಡ. ಅಲ್ಲಿ ಡ್ರೈವರ್ ಹೋದರೆ ಶಿವಮೊಗ್ಗದಿಂದ ಯಾರು ಬರ್ತಾರೆ? ಎರಡು ಅಡಿಯ ಟಿ5 ಬ್ಯಾಟನ್ ಎರಡು ತಗೊ, ನೇರ 230 ವೋಲ್ಟಿಗೆ ಹಚ್ಚೋದು, 10 ವ್ಯಾಟಿನ ಆಸುಪಾಸಿನದು. ಶೆಲ್ಫಿನ ಕೆಳಗೆ ಮುಂದಿನ ಅಂಚಿಗೆ ಕ್ಲಿಪ್ ಹೊಡೆದು ಸಿಕ್ಕಿಸಿ, ಮುಂದೆ ಒಂದು ಮರದ ಪಟ್ಟಿ. ಬಣ್ಣದಲ್ಲಿ ಸ್ವಲ್ಪ ಸೋಲುತ್ತೆ, ಬಹಳಷ್ಟು ಬ್ಯಾಟನ್‌ಗಳು 80ರ ಸಿಆರ್‌ಐನವು. ಆದರೆ ಕೆಟ್ಟ ದಿನ ತೀರ್ಥಹಳ್ಳಿ ಪೇಟೆಯಲ್ಲೇ ಇನ್ನೊಂದು ಸಿಗುತ್ತೆ, ಅಲ್ಲಿನ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಹಾಕಿಕೊಡ್ತಾನೆ. ರಿಪೇರಿ ಸಿಗದ ಒಳ್ಳೆ ಲೈಟಿಗಿಂತ ರಿಪೇರಿ ಸಿಗೋ ಸಾಧಾರಣ ಲೈಟು ಅವರಿಗೆ ಉಪಯೋಗ.

— ಬಾಡಿಗೆ ಮನೆಯಲ್ಲಿರೋ ತಮ್ಮ ಮ್ಯಾಗ್ನೆಟ್ಟಿನ ಚಾರ್ಜಿಂಗ್ ಲೈಟು ತಂದಿದ್ದಾನೆ.

— ಡಬ್ಬಿ ಹುಡುಕೋಕೆ ಆಗುತ್ತೆ. ಹೆಚ್ಚೋಕೆ ಅದರ ಬೆಳಕು ಸಾಲಲ್ಲ. ಅವನೂ ಬ್ಯಾಟನ್ ಹಾಕಿಕೊಂಡು, ಮನೆ ಬಿಡೋವಾಗ ಬಿಚ್ಚಿಕೊಂಡು ಹೋಗಲಿ.

— ಸ್ವಿಚ್ಚು ಟ್ಯೂಬಿನ ಜೊತೆಗೇ ಇರಲಿ ಅಲ್ವಾ? ಒಂದೇ ಸಲ ಎರಡೂ ಹತ್ತುತ್ತೆ.

— ಬೇರೆಯೇ ಇರಲಿ. ಬೆಳಗ್ಗೆ ಐದಕ್ಕೆ ಎದ್ದು ಕಾಫಿಗೆ ಡಿಕಾಕ್ಷನ್ ಹಾಕೋಕೆ ಟ್ಯೂಬ್ ಬೇಡ, ಇದೊಂದು ಸಾಕು. ಕೈ ಒದ್ದೆ ಇರೋ ಜಾಗ ಅದು, ಹಾಗಾಗಿ ಸ್ವಿಚ್ ಸಿಂಕಿನಿಂದ ದೂರ ಇರಲಿ, ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನೇ ಆಫ್ ಆಗೋ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸು. ಮುಖ್ಯವಾಗಿ ಈ ಪಾಯಿಂಟನ್ನು ಇನ್ವರ್ಟರ್ ಲೈನಿಗೆ ಕೊಡಿಸು. ಡಿಮ್ ಮಾಡದೆ ದಿನಕ್ಕೆ ನಾಲ್ಕು ಗಂಟೆ ಉರಿದರೂ ತಿಂಗಳಿಗೆ ಐದು ಯೂನಿಟ್ ಅಷ್ಟೆ. ಕರೆಂಟ್ ಹೋದ ಸಂಜೆ ಅಡುಗೆ ನಿಲ್ಲಬಾರದು.

— ಸೋಮವಾರ ಬೆಳಗ್ಗೆ ಕಾರ್ಪೆಂಟರ್‌ಗೆ ಇದನ್ನೆಲ್ಲ ಬರೆದು ಕೊಡ್ತೀನಿ.

— ಅದಕ್ಕೂ ಮೊದಲು ಒಂದು ಕೆಲಸ ಮಾಡು. ಒಂದು ಮೀಟರ್ ಸ್ಟ್ರಿಪ್ಪು, ಒಂದು ಅಡಾಪ್ಟರ್ ಸಾಲ ತಗೊಂಡು ಬಾ, ಅಂಗಡಿಯವರು ಕೊಡ್ತಾರೆ. ಶನಿವಾರ ರಾತ್ರಿ ಕಪಾಟಿನ ಅಂಚಿಗೆ ಟೇಪಿನಲ್ಲಿ ಅಂಟಿಸು. ಅತ್ತೆಯನ್ನು ಕರೆದು ಒಂದು ಕಟ್ಟು ಸೊಪ್ಪು ಬಿಡಿಸೋಕೆ ಹೇಳು, ಮೊದಲು ಗೋಡೆ ಪಕ್ಕ ಇಟ್ಟು, ಆಮೇಲೆ ಮುಂದಕ್ಕೆ ತಂದು. ಎಲ್ಲಿ ಇರಬೇಕು ಅಂತ ಅವರೇ ಹೇಳಲಿ.

— ಅತ್ತೆ ನನಗಿಂತ ತುಂಬ ಕುಳ್ಳು, ಚಿಕ್ಕಪ್ಪ. ಒಂದೂವರೆ ಇಂಚಿನ ಪಟ್ಟಿ ಅವರಿಗೆ ಮರೆ ಆಗುತ್ತಾ?

— ಆಗದೇ ಇರಬಹುದು. ಅವರು ನಿಂತಿದ್ದಾಗಲೇ ಒಂದು ರಟ್ಟನ್ನು ಕಪಾಟಿನ ಅಂಚಿಗೆ ಹಿಡಿದು ಮೆಲ್ಲಗೆ ಇಳಿಸು. ಲೈಟು ಕಣ್ಣಿಗೆ ಕಾಣೋದು ನಿಂತ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕು. ಎರಡು ಇಂಚೋ, ಎರಡೂವರೆಯೋ, ಕಾರ್ಪೆಂಟರ್‌ಗೆ ಆ ಅಳತೆ ಕೊಡು.